ಕೆರೆಗೆ ನೀರೆತ್ತುವ ಹೊತ್ತು

ಕರ್ನಾಟಕದ ವಿದ್ಯುತ್ ಬೇಡಿಕೆ 2024ರ ಬೇಸಿಗೆಯಲ್ಲಿ 17 ಸಾವಿರ ಮೆಗಾವಾಟ್ ದಾಟಿತು. ಇಲ್ಲಿ ಕಷ್ಟವಿರುವುದು ವಿದ್ಯುತ್ತಿನ ಒಟ್ಟು ಪ್ರಮಾಣದಲ್ಲಿ ಮಾತ್ರವಲ್ಲ, ಅದು ಸಿಗುವ ಹೊತ್ತಿನಲ್ಲೂ. ಪಾವಗಡದ ಸೌರ ಪಾರ್ಕ್ ಒಂದರ ಸಾಮರ್ಥ್ಯವೇ 2,050 ಮೆಗಾವಾಟ್. ಆದರೆ ಮನೆಗಳಲ್ಲಿ ದೀಪ ಹೊತ್ತುವ ವೇಳೆಗೆ ಅದರಿಂದ ಏನೂ ಬಾರದು. ಮಧ್ಯಾಹ್ನದ ವಿದ್ಯುತ್ತನ್ನು ಸಂಜೆಗೆ ಉಳಿಸಿಕೊಳ್ಳಲು ಪಳಗಿದ ಉಪಾಯವೊಂದಿದೆ: ಕೆಳಗಿನ ಜಲಾಶಯದ ನೀರನ್ನು ಮೇಲಿನದಕ್ಕೆ ಪಂಪ್ ಮಾಡಿಟ್ಟು, ಬೇಕಾದಾಗ ಟರ್ಬೈನ್ ಮೂಲಕ ಇಳಿಸುವುದು. ಹೂಡಿದ 100 ಯೂನಿಟ್‌ಗಳಲ್ಲಿ 75ರಿಂದ 80 ಮರಳಿ ಸಿಗುತ್ತವೆ. ಪಶ್ಚಿಮ ಬಂಗಾಳದ ಪುರುಲಿಯಾದಲ್ಲಿ ಇಂಥ 900 ಮೆಗಾವಾಟ್‌ನ ಸ್ಥಾವರ ನಡೆಯುತ್ತಿದೆ. ನಮ್ಮಲ್ಲಿ ತಲಕಳಲೆ ಮತ್ತು ಗೇರುಸೊಪ್ಪೆ ಜಲಾಶಯಗಳ ನಡುವೆ 2,000 ಮೆಗಾವಾಟ್‌ನ ಶರಾವತಿ ಯೋಜನೆಗೆ ರಾಜ್ಯ ಸರ್ಕಾರದ ವಿದ್ಯುತ್ ನಿಗಮವಾದ ಕೆಪಿಸಿಎಲ್ ಹೊರಟಿದೆ. ಅದು ಸಿಂಗಳೀಕಗಳ ಅಭಯಾರಣ್ಯವನ್ನು ಹಾದುಹೋಗುವುದರಿಂದ ವಿರೋಧವೂ ಬಲವಾಗಿದೆ, ಆ ವಿರೋಧಕ್ಕೆ ಸಕಾರಣವೂ ಇದೆ.

ಹಾಗಿದ್ದರೆ ತುಂಗಭದ್ರೆಯ ದಡದ ಹರಿಹರದಲ್ಲೋ ಪಕ್ಕದ ದಾವಣಗೆರೆಯಲ್ಲೋ ಇಂಥದ್ದೊಂದನ್ನು ಕಟ್ಟಬಾರದೇ? ಲೆಕ್ಕ ಒಪ್ಪುವುದಿಲ್ಲ. ಹತ್ತು ಲಕ್ಷ ಘನ ಮೀಟರ್ ನೀರು 10 ಮೀಟರ್ ಇಳಿದರೆ, ಯಾವ ನಷ್ಟವನ್ನೂ ಎಣಿಸದೆ, ಸಿಗುವುದು ಸುಮಾರು 27 ಸಾವಿರ ಯೂನಿಟ್. ಶರಾವತಿ ಕಣಿವೆಯ ಸುಮಾರು 460 ಮೀಟರ್ ಇಳಿಜಾರಿನಲ್ಲಿ ಅಷ್ಟೇ ನೀರು 12 ಲಕ್ಷಕ್ಕೂ ಹೆಚ್ಚು ಯೂನಿಟ್ ಕೊಡಬಲ್ಲದು. ಎತ್ತರವಿಲ್ಲದ ಬಯಲಿನಲ್ಲಿ ಟರ್ಬೈನಿಗೆ ಕೆಲಸವಿಲ್ಲ. ಆದರೆ ಆ ವ್ಯವಸ್ಥೆಯ ಅರ್ಧಭಾಗ, ಎಂದರೆ ಪಂಪು, ಇಲ್ಲಿ ಆಗಲೇ ಇದೆ. ಹರಿಹರ ತಾಲ್ಲೂಕಿನ ರಾಜನಹಳ್ಳಿಯಿಂದ ನದಿ ನೀರನ್ನೆತ್ತಿ 22 ಕೆರೆಗಳನ್ನು ತುಂಬಿಸುವ ಯೋಜನೆ ರೈತರಿಗೆ ಚಿರಪರಿಚಿತ. ಕೆರೆಗೆ ಬಿದ್ದ ನೀರು ವಾರಗಟ್ಟಲೆ ಕಾಯಬಲ್ಲದು. ಅದನ್ನು ಇಂಥ ಗಂಟೆಗೇ ಎತ್ತಬೇಕೆಂಬ ಹಟವಿಲ್ಲ. ಬಿಸಿಲಿರುವಾಗ ಹೆಚ್ಚು ಓಡಿ, ಸಂಜೆ 6ರಿಂದ 10ರವರೆಗೆ ಆ ಮೋಟಾರುಗಳು ನಿಂತರೆ ಅಷ್ಟು ವಿದ್ಯುತ್ ಊರಿಗೆ ಉಳಿಯುತ್ತದೆ. ಉಳಿಸಿದ ಯೂನಿಟ್ಟಿಗೆ ಟರ್ಬೈನಿನ ನಷ್ಟವೂ ಇಲ್ಲ, ಕಾಡು ಕಡಿಯುವ ಮಾತೂ ಇಲ್ಲ.

ನದಿ ತುಂಬುವುದು ಮಳೆಗಾಲದಲ್ಲಿ, ಆಗ ಬಿಸಿಲೆಲ್ಲಿ ಎಂದು ಕೇಳಬಹುದು. ನಿಜವೇ. ಆದರೆ ಜಗಳೂರು, ಚಿತ್ರದುರ್ಗದ ಗುಡ್ಡಗಳ ಗಾಳಿಯಂತ್ರಗಳು ಜೋರಾಗಿ ತಿರುಗುವುದೂ ಮುಂಗಾರಿನಲ್ಲೇ. ಆಗ ಪಂಪು ಗಾಳಿಯ ಹೊತ್ತನ್ನು ನೋಡಿಕೊಂಡು ಓಡಲಿ. ನಾಲ್ಕು ಗಂಟೆ ನಿಲ್ಲಿಸಿದರೆ ಕೆರೆ ತುಂಬೀತೇ ಎಂಬ ಆತಂಕಕ್ಕೆ ಉತ್ತರ, ದಿನದಲ್ಲಿ ಇನ್ನೂ 20 ಗಂಟೆ ಉಳಿದಿದೆ. ಹೊಳೆ ಇಳಿಯುವ ಕೊನೆಯ ವಾರಗಳಲ್ಲಿ ಮಾತ್ರ ಈ ನಿಯಮವನ್ನು ಸಡಿಲಿಸಬೇಕು, ಆಗ ನೀರೇ ಮುಖ್ಯ. ಇನ್ನೊಂದು ಲಾಭ ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಕೆರೆಯ ನೀರು ಇಂಗಿದಂತೆ ಸುತ್ತಲ ಕೊಳವೆಬಾವಿಗಳ ನೀರು ಮೇಲೇರುತ್ತದೆ. ನೀರು 100 ಮೀಟರ್ ಆಳದಿಂದ 60 ಮೀಟರಿಗೆ ಬಂದರೆ ಅದೇ ನೀರೆತ್ತಲು ಪಂಪ್‌ಸೆಟ್ಟಿಗೆ ಬೇಕಾದ ವಿದ್ಯುತ್ ಶೇ. 40ರಷ್ಟು ತಗ್ಗುತ್ತದೆ. ಗಾಳಿ ಬೀಸುವಾಗ ಕೆರೆಗೆ ಹಾಕಿದ ವಿದ್ಯುತ್ತಿನ ಒಂದು ಪಾಲು ಹೀಗೆ ಬೇಸಿಗೆಯಲ್ಲಿ ರೈತನ ಹೊಲದಲ್ಲೇ ಮರಳಿ ಸಿಗುತ್ತದೆ.