ಕಾಣದಿರುವುದೆಲ್ಲ ಕಳೆದುಹೋದುದಲ್ಲ
ಮನೆಯ ಗಣಕಯಂತ್ರದಲ್ಲಿ ಮರೆಯಾದ ಫೋಲ್ಡರುಗಳು ಮತ್ತು ಪ್ರವೇಶಾಧಿಕಾರ

ಹಿಂದೆ ನಮ್ಮ ಮನೆತನಗಳಲ್ಲಿ ಒಂದು ಕಬ್ಬಿಣದ ಟ್ರಂಕು ಇರುತ್ತಿತ್ತು. ಹೊಲದ ಉತಾರ, ಮನೆಯ ಖರೀದಿಪತ್ರ, ಮಕ್ಕಳ ಶಾಲಾ ದಾಖಲೆ, ಲಗ್ನಪತ್ರಿಕೆ, ಹಿರಿಯರ ಭಾವಚಿತ್ರ ಎಲ್ಲಕ್ಕೂ ಅದೇ ಆಶ್ರಯ. ಕೀಲಿಕೈ ಮನೆಯ ಯಜಮಾನರ ಬಳಿ ಇರುತ್ತಿತ್ತು. ಇಂದು ಆ ಟ್ರಂಕಿನ ಸ್ಥಾನವನ್ನು ಬಹುಮಟ್ಟಿಗೆ ಗಣಕಯಂತ್ರವು ವಹಿಸಿಕೊಂಡಿದೆ. ಆದರೆ ಇವೆರಡರಲ್ಲಿ ಒಂದು ಮುಖ್ಯವಾದ ಭೇದವಿದೆ. ಟ್ರಂಕಿನ ಮುಚ್ಚಳ ತೆರೆದ ಕೂಡಲೇ ಕಾಗದ ಇದೆಯೋ ಇಲ್ಲವೋ ಎಂಬುದು ತಿಳಿಯುತ್ತದೆ. ಗಣಕಯಂತ್ರದಲ್ಲಿ ವಸ್ತುವು ಇದ್ದೂ ಕಾಣದಿರಬಹುದು, ಕಂಡರೂ ತೆರೆಯದಿರಬಹುದು. ಈ ಎರಡು ತೊಂದರೆಗಳ ಸ್ವರೂಪವನ್ನೂ ಪರಿಹಾರವನ್ನೂ ವಾಚಕ ಬಂಧುಗಳ ಮುಂದಿಡುವುದು ಈ ಲೇಖನದ ಉದ್ದೇಶ.

ಇದನ್ನು ಈಗ ಬರೆಯುವುದಕ್ಕೆ ಕಾರಣವೂ ಉಂಟು. ವಿಂಡೋಸ್ ೧೦ಕ್ಕೆ ಮೈಕ್ರೋಸಾಫ್ಟ್ ಸಂಸ್ಥೆಯು ನೀಡುತ್ತಿದ್ದ ಸಾಮಾನ್ಯ ಬೆಂಬಲವು ೨೦೨೫ರ ಅಕ್ಟೋಬರ್ ೧೪ರಂದು ಮುಗಿಯಿತು. ಹಳೆಯ ಯಂತ್ರವನ್ನು ಬಿಟ್ಟು ಹೊಸದನ್ನು ಕೊಳ್ಳುವವರು, ಇದ್ದ ಯಂತ್ರಕ್ಕೇ ವಿಂಡೋಸ್ ೧೧ನ್ನು ಹಾಕಿಸುವವರು, ಹಳೆಯ ಹಾರ್ಡ್ ಡಿಸ್ಕನ್ನು ಹೊಸ ಯಂತ್ರಕ್ಕೆ ಜೋಡಿಸುವವರು ಅನೇಕರಿದ್ದಾರೆ. ಇಂತಹ ಸ್ಥಳಾಂತರದ ಕಾಲದಲ್ಲಿಯೇ ಫೋಲ್ಡರು ಕಾಣೆಯಾಗುವುದು, 'ಅನುಮತಿಯಿಲ್ಲ' ಎಂಬ ಸೂಚನೆ ಬರುವುದು ಮೊದಲಾದ ತೊಂದರೆಗಳು ತಲೆದೋರುತ್ತವೆ.

ಮೊದಲು ಕೈಯನ್ನು ತಡೆಯಬೇಕು

ಫೋಲ್ಡರು ಕಾಣದಾದ ಕ್ಷಣದಲ್ಲಿ ಮನಸ್ಸು ಗಾಬರಿಗೊಳ್ಳುವುದು ಸಹಜ. ಆ ಗಾಬರಿಯಲ್ಲಿ ಮಾಡುವ ಕೆಲಸಗಳೇ ಹೆಚ್ಚಿನ ಹಾನಿಯನ್ನು ತರುತ್ತವೆ. ಇದು ಏಕೆಂಬುದನ್ನು ತಿಳಿಯಲು ಅಳಿಸುವಿಕೆಯ ಮರ್ಮವನ್ನು ಅರಿಯಬೇಕು.

ಮಠದ ಗ್ರಂಥಭಂಡಾರಗಳಲ್ಲಿ ಓಲೆಗರಿಯ ಕಟ್ಟುಗಳನ್ನು ಬಟ್ಟೆಯಲ್ಲಿ ಸುತ್ತಿ ಇರಿಸಿ, ಯಾವ ಕಟ್ಟು ಎಲ್ಲಿದೆ ಎಂಬುದಕ್ಕೆ ಪ್ರತ್ಯೇಕವಾದ ಸೂಚಿಯನ್ನು ಬರೆದಿಡುವುದುಂಟು. ಸೂಚಿಯಲ್ಲಿ ಒಂದು ಹೆಸರನ್ನು ಹೊಡೆದುಹಾಕಿದರೆ ಕಟ್ಟು ಸುಟ್ಟುಹೋಗುವುದಿಲ್ಲ. ಅದು ತನ್ನ ಸ್ಥಳದಲ್ಲಿಯೇ ಇರುತ್ತದೆ. ಹಾರ್ಡ್ ಡಿಸ್ಕಿನಲ್ಲಿಯೂ ಹೀಗೆಯೇ. ಕಡತವನ್ನು ಅಳಿಸಿದಾಗ ಯಂತ್ರವು ಸೂಚಿಯಲ್ಲಿ 'ಈ ಸ್ಥಳವು ತೆರವಾಗಿದೆ' ಎಂದು ಗುರುತು ಮಾಡಿಕೊಳ್ಳುತ್ತದೆಯೇ ಹೊರತು ಬರವಣಿಗೆಯನ್ನು ಆಗಲೇ ಒರೆಸುವುದಿಲ್ಲ. ಮುಂದೆ ಅದೇ ಸ್ಥಳದಲ್ಲಿ ಬೇರೊಂದು ಕಡತವು ಬಂದು ಕುಳಿತಾಗ ಮಾತ್ರ ಹಳೆಯದು ನಿಜವಾಗಿ ನಾಶವಾಗುತ್ತದೆ. ಆದುದರಿಂದ ಕಡತವು ಅಳಿಸಿಹೋಗಿರಬಹುದೆಂಬ ಸಂದೇಹ ಬಂದೊಡನೆ ಆ ಡಿಸ್ಕಿನ ಮೇಲೆ ಹೊಸದಾಗಿ ಏನನ್ನೂ ಬರೆಯಬಾರದು. ಹೊಸ ತಂತ್ರಾಂಶ ಹಾಕುವುದು, ಚಲನಚಿತ್ರ ಇಳಿಸಿಕೊಳ್ಳುವುದು, ಫಾರ್ಮ್ಯಾಟ್ ಮಾಡುವುದು ಇವೆಲ್ಲ ವರ್ಜ್ಯ.

ಇನ್ನೊಂದು ಸಂಗತಿ. ಈಚಿನ ಯಂತ್ರಗಳಲ್ಲಿರುವ ಎಸ್‌ಎಸ್‌ಡಿ ಎಂಬ ಬಗೆಯ ಡಿಸ್ಕು 'ಟ್ರಿಮ್' ಎಂಬ ವ್ಯವಸ್ಥೆಯ ಮೂಲಕ ಅಳಿಸಿದ ಕಡತಗಳ ಸ್ಥಳವನ್ನು ತಾನಾಗಿಯೇ ಶುಚಿಗೊಳಿಸುತ್ತದೆ. ಅಲ್ಲಿ ಅಳಿಸಿದುದನ್ನು ಮರಳಿ ಪಡೆಯುವ ಆಸೆ ಬಹಳ ಕಡಿಮೆ.

ಹುಡುಕುವ ಕ್ರಮ

ಸುಲಭವಾದುದರಿಂದ ಕಠಿಣವಾದುದರ ಕಡೆಗೆ ಸಾಗುವುದು ವಿಹಿತ.

ಮೊದಲನೆಯದಾಗಿ, ಫೋಲ್ಡರು ಪಕ್ಕದ ಮನೆಗೆ ಹೋಗಿರಬಹುದು. ಮೌಸನ್ನು ಒತ್ತಿ ಹಿಡಿದಿರುವಾಗ ಕೈ ಸ್ವಲ್ಪ ಜಾರಿದರೂ ಒಂದು ಫೋಲ್ಡರು ನೆರೆಯ ಫೋಲ್ಡರಿನೊಳಗೆ ಸೇರಿಬಿಡುತ್ತದೆ. ಆಗಲೇ ಅರಿವಾದರೆ ಕಂಟ್ರೋಲ್ ಮತ್ತು ಝಡ್ ಕೀಲಿಗಳನ್ನು ಕೂಡಿಸಿ ಒತ್ತಿದರೆ ಸಾಕು, ಅದು ಹಿಂದಿನ ಸ್ಥಾನಕ್ಕೆ ಮರಳುತ್ತದೆ. ತಡವಾಗಿ ಅರಿವಾದರೆ ಅದರೊಳಗಿದ್ದ ಯಾವುದಾದರೊಂದು ಕಡತದ ಹೆಸರನ್ನು ಶೋಧದ ಪೆಟ್ಟಿಗೆಯಲ್ಲಿ ಬರೆದು ಇಡೀ ಡ್ರೈವಿನಲ್ಲಿ ಹುಡುಕಬೇಕು.

ಎರಡನೆಯದು ರಿಸೈಕಲ್ ಬಿನ್. ಅಳಿಸಿದ ವಸ್ತುವು ಅಲ್ಲಿದ್ದರೆ ಅದರ ಮೇಲೆ ಮೌಸಿನ ಬಲಗುಂಡಿ ಒತ್ತಿ 'ರಿಸ್ಟೋರ್' ಎಂಬುದನ್ನು ಆರಿಸಬೇಕು. ಅದು ಮೂಲ ಸ್ಥಳಕ್ಕೇ ಹಿಂದಿರುಗುತ್ತದೆ. ಶಿಫ್ಟ್ ಕೀಲಿಯನ್ನು ಒತ್ತಿ ಹಿಡಿದು ಅಳಿಸಿದ ಕಡತಗಳಾಗಲಿ, ಪೆನ್‌ಡ್ರೈವಿನಿಂದ ಅಳಿಸಿದ ಕಡತಗಳಾಗಲಿ ಈ ಬುಟ್ಟಿಗೆ ಬರುವುದಿಲ್ಲ ಎಂಬುದನ್ನು ಮನೆಮಂದಿಯೆಲ್ಲ ತಿಳಿದಿರಬೇಕು.

ಮೂರನೆಯದಾಗಿ, ಫೋಲ್ಡರಿಗೆ 'ಹಿಡನ್', ಅಂದರೆ 'ಮರೆಯಲ್ಲಿರುವುದು' ಎಂಬ ಗುರುತು ಬಿದ್ದಿರಬಹುದು. ವಿಂಡೋಸ್ ೧೧ರಲ್ಲಿ ಫೋಲ್ಡರುಗಳ ಕಿಟಕಿಯ ಮೇಲ್ಭಾಗದಲ್ಲಿರುವ 'ವ್ಯೂ', ಅದರೊಳಗೆ 'ಶೋ', ಅದರೊಳಗೆ 'ಹಿಡನ್ ಐಟಮ್ಸ್' ಎಂಬುದನ್ನು ಒತ್ತಿದರೆ ಅಂತಹವು ಮಸುಕಾದ ಬಣ್ಣದಲ್ಲಿ ಕಾಣಿಸಿಕೊಳ್ಳುತ್ತವೆ. ಬಳಿಕ ಆ ಫೋಲ್ಡರಿನ 'ಪ್ರಾಪರ್ಟೀಸ್' ತೆರೆದು 'ಹಿಡನ್' ಎಂಬಲ್ಲಿರುವ ಗುರುತನ್ನು ತೆಗೆಯಬೇಕು.

ಇದಕ್ಕೆ ಸಂಬಂಧಿಸಿದ ಒಂದು ಉಪದ್ರವವು ನಮ್ಮ ಕಡೆಗೆ ಚಿರಪರಿಚಿತ. ಝೆರಾಕ್ಸ್ ಅಂಗಡಿಯಲ್ಲೋ ಮುದ್ರಣಾಲಯದಲ್ಲೋ ಕೊಟ್ಟು ತಂದ ಪೆನ್‌ಡ್ರೈವಿನಲ್ಲಿ ಫೋಲ್ಡರುಗಳ ಬದಲಾಗಿ ಅವುಗಳದೇ ಹೆಸರಿನ, ಮೂಲೆಯಲ್ಲಿ ಬಾಗಿದ ಬಾಣದ ಗುರುತುಳ್ಳ 'ಶಾರ್ಟ್‌ಕಟ್'ಗಳು ಕಾಣುತ್ತವೆ. ಎಲ್ಲವೂ ಹಾಳಾಯಿತೆಂದು ಭಾವಿಸಿ ಪೆನ್‌ಡ್ರೈವನ್ನು ಫಾರ್ಮ್ಯಾಟ್ ಮಾಡಿಬಿಡುವವರೇ ಹೆಚ್ಚು. ವಾಸ್ತವದಲ್ಲಿ ಒಂದು ವೈರಸ್ಸು ನಿಜವಾದ ಫೋಲ್ಡರುಗಳನ್ನು ಮರೆಮಾಡಿ ಅವುಗಳ ವೇಷದಲ್ಲಿ ತಾನು ನಿಂತಿರುತ್ತದೆ. ಆ ಬಾಣದ ಗುರುತುಗಳನ್ನು ಎಂದಿಗೂ ತೆರೆಯಬಾರದು. ಪೆನ್‌ಡ್ರೈವಿನ ಪ್ರಾಪರ್ಟೀಸಿನಲ್ಲಿ ಬಳಕೆಯಾದ ಸ್ಥಳವೆಷ್ಟೆಂದು ನೋಡಿದರೆ ವಸ್ತುಗಳು ಒಳಗೇ ಇರುವುದು ತಿಳಿಯುತ್ತದೆ. ಮೊದಲು ವೈರಸ್ ನಿರೋಧಕದಿಂದ ಶೋಧಿಸಿ, ಆಮೇಲೆ ಫೋಲ್ಡರ್ ಆಪ್ಷನ್ಸ್‌ನಲ್ಲಿ ಮರೆಯ ವಸ್ತುಗಳನ್ನು ತೋರಿಸುವ ಆಯ್ಕೆ ಮಾಡಿ, 'ಹೈಡ್ ಪ್ರೊಟೆಕ್ಟೆಡ್ ಆಪರೇಟಿಂಗ್ ಸಿಸ್ಟಮ್ ಫೈಲ್ಸ್' ಎಂಬುದರ ಗುರುತನ್ನು ತಾತ್ಕಾಲಿಕವಾಗಿ ತೆಗೆಯಬೇಕು. ನಿಜವಾದ ಫೋಲ್ಡರುಗಳು ಪ್ರತ್ಯಕ್ಷವಾಗುತ್ತವೆ. ಅವುಗಳೊಳಗಿನ ಕಡತಗಳನ್ನು ಹೊಸ ಫೋಲ್ಡರಿಗೆ ನಕಲು ಮಾಡಿಕೊಂಡು ಆ ಗುರುತನ್ನು ಪುನಃ ಹಾಕಿಬಿಡಬೇಕು.

ನಾಲ್ಕನೆಯದು ಒನ್‌ಡ್ರೈವ್. ಇದರ ಬ್ಯಾಕಪ್ಪಿಗೆ ಸಮ್ಮತಿ ಕೊಟ್ಟರೆ ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಪಿಕ್ಚರ್ಸ್ ಎಂಬ ಫೋಲ್ಡರುಗಳು ಒನ್‌ಡ್ರೈವಿನ ಫೋಲ್ಡರಿನೊಳಕ್ಕೆ ಸ್ಥಳಾಂತರಗೊಳ್ಳುತ್ತವೆ. ಬ್ಯಾಕಪ್ಪನ್ನು ನಿಲ್ಲಿಸಿದಾಗ ಡೆಸ್ಕ್‌ಟಾಪ್ ಬರಿದಾಗಿ ಕಾಣಬಹುದು. ಆಗ ಒನ್‌ಡ್ರೈವ್ ಫೋಲ್ಡರಿನೊಳಗೆ ಅದೇ ಹೆಸರಿನ ಫೋಲ್ಡರನ್ನು ನೋಡಬೇಕು. ಅಲ್ಲಿಂದಲೂ ಅಳಿಸಿಹೋಗಿದ್ದರೆ ಒನ್‌ಡ್ರೈವಿಗೆ ತನ್ನದೇ ಆದ ರಿಸೈಕಲ್ ಬಿನ್ ಇದೆ. ವೈಯಕ್ತಿಕ ಖಾತೆಯಲ್ಲಿ ಅದು ಕಡತಗಳನ್ನು ೩೦ ದಿನಗಳವರೆಗೆ ಕಾಯ್ದಿಡುತ್ತದೆ.

ಐದನೆಯದು ತಾತ್ಕಾಲಿಕ ಪ್ರೊಫೈಲು. ಒಂದು ಬೆಳಿಗ್ಗೆ ಯಂತ್ರವನ್ನು ತೆರೆದರೆ ಗೋಡೆಯ ಚಿತ್ರವೇ ಬೇರೆ, ಫೋಲ್ಡರುಗಳು ಒಂದೂ ಇಲ್ಲ. ೨೦೨೦ರ ಫೆಬ್ರವರಿಯಲ್ಲಿ ವಿಂಡೋಸ್ ೧೦ರ ಒಂದು ಪರಿಷ್ಕರಣೆಯ ನಂತರ ಹಲವರಿಗೆ ಈ ಅನುಭವವಾಯಿತು. ಯಂತ್ರವು ಬಳಕೆದಾರರ ನಿಜವಾದ ಪ್ರೊಫೈಲನ್ನು ತೆರೆಯಲಾರದೆ ತಾತ್ಕಾಲಿಕವಾದ ಖಾಲಿ ಕೋಣೆಯೊಂದನ್ನು ಒದಗಿಸಿತ್ತು. ಇಂತಹ ಸಮಯದಲ್ಲಿ ಸಿ ಡ್ರೈವಿನ 'ಯೂಸರ್ಸ್' ಫೋಲ್ಡರಿನಲ್ಲಿ ಹಳೆಯ ಹೆಸರಿನ ಫೋಲ್ಡರು ಇದೆಯೇ ಎಂದು ನೋಡಬೇಕು. ಒಂದೆರಡು ಬಾರಿ ಯಂತ್ರವನ್ನು ಮತ್ತೆ ಆರಂಭಿಸಬೇಕು. ತಾತ್ಕಾಲಿಕ ಪ್ರೊಫೈಲಿನಲ್ಲಿ ಹೊಸದಾಗಿ ಬರೆದದ್ದು ಸೈನ್ ಔಟ್ ಮಾಡಿದಾಗ ಉಳಿಯುವುದಿಲ್ಲವಾದ್ದರಿಂದ ಅಲ್ಲಿ ಕೆಲಸ ಮಾಡಕೂಡದು.

ಆರನೆಯದಾಗಿ, ವಿಂಡೋಸನ್ನು ಹೊಸ ಆವೃತ್ತಿಗೆ ಏರಿಸಿದ ಬಳಿಕ ಕಡತಗಳು ಕಾಣದಿದ್ದರೆ ಸಿ ಡ್ರೈವಿನಲ್ಲಿ 'ವಿಂಡೋಸ್ ಡಾಟ್ ಓಲ್ಡ್' ಎಂಬ ಫೋಲ್ಡರನ್ನು ತೆರೆದು ಅದರೊಳಗಿನ 'ಯೂಸರ್ಸ್' ಭಾಗವನ್ನು ಪರೀಕ್ಷಿಸಬೇಕು. ಈ ಫೋಲ್ಡರು ಸಾಮಾನ್ಯವಾಗಿ ೧೦ ದಿನಗಳ ನಂತರ ತಾನಾಗಿಯೇ ಅಳಿಸಿಹೋಗುತ್ತದೆ. ಇಲ್ಲಿ ವಿಳಂಬವೇ ಶತ್ರು.

ಇಷ್ಟಾದರೂ ಸಿಗದಿದ್ದರೆ ಕೊನೆಯ ಉಪಾಯ ಮರುಪಡೆಯುವ ತಂತ್ರಾಂಶ. ಮೈಕ್ರೋಸಾಫ್ಟ್ ಸಂಸ್ಥೆಯೇ ೨೦೨೦ರಲ್ಲಿ 'ವಿಂಡೋಸ್ ಫೈಲ್ ರಿಕವರಿ' ಎಂಬುದನ್ನು ಉಚಿತವಾಗಿ ನೀಡಿದೆ. ಅದು ಆಜ್ಞೆಗಳನ್ನು ಬರೆದು ನಡೆಸುವಂತಹುದು. ಬಲ್ಲವರ ನೆರವು ಬೇಕು. ದೊರೆತ ಕಡತಗಳನ್ನು ಅದೇ ಡ್ರೈವಿನಲ್ಲಿ ಇಡದೆ ಬೇರೆ ಡ್ರೈವಿನಲ್ಲಿಯೇ ಇರಿಸಬೇಕೆಂಬ ನಿಯಮದ ಕಾರಣವು ಮೇಲೆ ಹೇಳಿದ ಅಳಿಸುವಿಕೆಯ ಮರ್ಮದಿಂದಲೇ ಸ್ಪಷ್ಟವಾಗುತ್ತದೆ. ಡಿಸ್ಕು ಕಟಕಟ ಸದ್ದು ಮಾಡುತ್ತಿದ್ದರೆ ಯಂತ್ರವನ್ನು ಆರಿಸಿ ತಜ್ಞರಲ್ಲಿಗೆ ಒಯ್ಯಬೇಕು. ದೂರವಾಣಿಯಲ್ಲಿ ಕರೆ ಮಾಡಿ 'ನಿಮ್ಮ ಯಂತ್ರವನ್ನು ಇಲ್ಲಿಂದಲೇ ಸರಿಪಡಿಸುತ್ತೇವೆ' ಎನ್ನುವ ಅಪರಿಚಿತರಿಗೆ ಯಂತ್ರದ ನಿಯಂತ್ರಣವನ್ನು ಒಪ್ಪಿಸಬಾರದು. ಹಾಗೆ ಹಣ ಕಳೆದುಕೊಂಡವರು ೧೯೩೦ ಎಂಬ ಸಹಾಯವಾಣಿಗೆ ಕೂಡಲೇ ದೂರು ಕೊಡಬೇಕು.

ಕಂಡ ಬಾಗಿಲು ತೆರೆಯದಿದ್ದಾಗ

ಇನ್ನು ಎರಡನೆಯ ತೊಂದರೆ. ಫೋಲ್ಡರು ಎದುರಿಗಿದೆ, ತೆರೆಯಹೋದರೆ 'ಆಕ್ಸೆಸ್ ಡಿನೈಡ್', ಅಂದರೆ ಪ್ರವೇಶವಿಲ್ಲ ಎಂಬ ಉತ್ತರ. ತಮ್ಮದೇ ವಸ್ತುವಿಗೆ ತಮಗೇ ಅನುಮತಿಯಿಲ್ಲವೇ ಎಂದು ಹಿರಿಯರು ನೊಂದುಕೊಳ್ಳುವುದುಂಟು.

ವಿಂಡೋಸ್ ಯಂತ್ರಗಳು ಕಡತಗಳನ್ನಿಡಲು 'ಎನ್‌ಟಿಎಫ್‌ಎಸ್' ಎಂಬ ವ್ಯವಸ್ಥೆಯನ್ನು ಬಳಸುತ್ತವೆ. ಇದು ೧೯೯೩ರಲ್ಲಿ ವಿಂಡೋಸ್ ಎನ್‌ಟಿಯೊಂದಿಗೆ ಬಂದಿತು. ಇದರಲ್ಲಿ ಪ್ರತಿಯೊಂದು ಫೋಲ್ಡರಿಗೂ ಒಬ್ಬ ಒಡೆಯನಿರುತ್ತಾನೆ. ಯಾರು ಓದಬಹುದು, ಯಾರು ತಿದ್ದಬಹುದು, ಯಾರು ಅಳಿಸಬಹುದು ಎಂಬ ಪಟ್ಟಿಯೂ ಇರುತ್ತದೆ. ಈ ಪಟ್ಟಿಯಲ್ಲಿ ಯಂತ್ರವು ವ್ಯಕ್ತಿಯ ಹೆಸರನ್ನು ಗುರುತಿಸುವುದಿಲ್ಲ. ಆತನ ಖಾತೆಗೆ ಕೊಟ್ಟ ಒಂದು ದೀರ್ಘವಾದ ಸಂಖ್ಯೆಯನ್ನು ಗುರುತಿಸುತ್ತದೆ. ವಿಂಡೋಸನ್ನು ಹೊಸದಾಗಿ ಹಾಕಿದಾಗ ಅದೇ ಹೆಸರು, ಅದೇ ಗುಪ್ತಪದ ಇಟ್ಟರೂ ಸಂಖ್ಯೆಯು ಬೇರೆಯಾಗುತ್ತದೆ. ಹಳೆಯ ಡಿಸ್ಕಿನ ದೃಷ್ಟಿಯಲ್ಲಿ ಒಡೆಯನೇ ಅಪರಿಚಿತನಾಗುತ್ತಾನೆ. ದೋಷವು ಕಡತದಲ್ಲಿಲ್ಲ, ಗುರುತಿನಲ್ಲಿದೆ.

ಪರಿಹಾರವು ಹೀಗೆ. ನಿರ್ವಾಹಕನ, ಅಂದರೆ 'ಅಡ್ಮಿನಿಸ್ಟ್ರೇಟರ್' ಖಾತೆಯಿಂದ ಪ್ರವೇಶಿಸಿ ಫೋಲ್ಡರನ್ನು ತೆರೆಯಲೆತ್ನಿಸಬೇಕು. 'ಕಂಟಿನ್ಯೂ' ಎಂಬ ಗುಂಡಿ ಬಂದರೆ ಅದನ್ನು ಒತ್ತುವುದರಿಂದಲೇ ಅನೇಕ ವೇಳೆ ಕೆಲಸವಾಗುತ್ತದೆ. ಆಗದಿದ್ದರೆ ಫೋಲ್ಡರಿನ ಪ್ರಾಪರ್ಟೀಸ್, ಅದರಲ್ಲಿ 'ಸೆಕ್ಯುರಿಟಿ', ಅದರಲ್ಲಿ 'ಅಡ್ವಾನ್ಸ್ಡ್' ಎಂಬಲ್ಲಿಗೆ ಹೋಗಬೇಕು. ಮೇಲ್ಗಡೆ 'ಓನರ್' ಎಂಬಲ್ಲಿ 'ಚೇಂಜ್' ಒತ್ತಿ ತಮ್ಮ ಖಾತೆಯ ಹೆಸರನ್ನು ಬರೆದು 'ಚೆಕ್ ನೇಮ್ಸ್' ಮೂಲಕ ಖಚಿತಪಡಿಸಿಕೊಳ್ಳಬೇಕು. ಒಳಗಿನ ಫೋಲ್ಡರುಗಳಿಗೂ ಒಡೆತನವು ಅನ್ವಯಿಸುವಂತೆ 'ರಿಪ್ಲೇಸ್ ಓನರ್' ಎಂದು ಆರಂಭವಾಗುವ ಸಾಲಿಗೆ ಗುರುತು ಹಾಕಿ ಒಪ್ಪಿಗೆ ಕೊಡಬೇಕು. ಆ ಕಿಟಕಿಗಳನ್ನೆಲ್ಲ ಮುಚ್ಚಿ, ಪುನಃ ಸೆಕ್ಯುರಿಟಿ ತೆರೆದು 'ಎಡಿಟ್' ಮೂಲಕ ತಮ್ಮ ಖಾತೆಗೆ ಪ್ರವೇಶಾಧಿಕಾರ ಕೊಟ್ಟುಕೊಳ್ಳಬೇಕು. ಒಡೆತನ ಬೇರೆ, ಪ್ರವೇಶ ಬೇರೆ. ಎರಡನ್ನೂ ಮಾಡಿದರೆ ಮಾತ್ರ ಬಾಗಿಲು ಪೂರ್ಣವಾಗಿ ತೆರೆಯುತ್ತದೆ.

ಈ ಕ್ರಮವು ನಮ್ಮ ಸ್ವಂತ ಕಡತಗಳಿಗೆ ಮಾತ್ರ. 'ವಿಂಡೋಸ್', 'ಪ್ರೋಗ್ರಾಮ್ ಫೈಲ್ಸ್' ಮೊದಲಾದ ಫೋಲ್ಡರುಗಳ ಒಡೆತನವನ್ನು ಬದಲಿಸಿದರೆ ಯಂತ್ರದ ರಕ್ಷಣೆಯೇ ಸಡಿಲವಾಗುತ್ತದೆ. ಮರೆಯ ವಸ್ತುಗಳನ್ನು ತೋರಿಸಿದಾಗ ಕಾಣುವ 'ಡಾಕ್ಯುಮೆಂಟ್ಸ್ ಅಂಡ್ ಸೆಟ್ಟಿಂಗ್ಸ್' ಎಂಬುದು ತೆರೆಯದಿದ್ದರೂ ಚಿಂತಿಸಬೇಕಾಗಿಲ್ಲ; ಅದು ನಿಜವಾದ ಫೋಲ್ಡರಲ್ಲ, 'ಯೂಸರ್ಸ್' ಕಡೆಗೆ ದಾರಿ ತೋರುವ ಕೈಕಂಬ.

ಡಿಸ್ಕು ಗೂಢಲಿಪಿಯಲ್ಲಿದ್ದರೆ ಮಾತ್ರ ಒಡೆತನದ ಬದಲಾವಣೆಯು ಫಲಿಸದು. 'ಬಿಟ್‌ಲಾಕರ್' ರಕ್ಷಣೆಯುಳ್ಳ ಡಿಸ್ಕನ್ನು ಬೇರೆ ಯಂತ್ರಕ್ಕೆ ಜೋಡಿಸಿದಾಗ ಅದು ೪೮ ಅಂಕಿಗಳ ಕೀಲಿಯನ್ನು ಕೇಳುತ್ತದೆ. ವಿಂಡೋಸ್ ೧೧ರ ೨೦೨೪ರ ಆವೃತ್ತಿಯನ್ನು ಹೊಸದಾಗಿ ಹಾಕಿ ಮೈಕ್ರೋಸಾಫ್ಟ್ ಖಾತೆಯಿಂದ ಪ್ರವೇಶಿಸಿದರೆ ಇಂತಹ ರಕ್ಷಣೆಯು ಸಾಮಾನ್ಯವಾಗಿ ತಾನಾಗಿಯೇ ಜಾರಿಗೆ ಬರುತ್ತದೆ. ಕೀಲಿಯು ಆ ಖಾತೆಯಲ್ಲಿ ಉಳಿಯುತ್ತದೆ. ಮನೆಯವರಿಗೆ ಇದು ತಿಳಿದೇ ಇರುವುದಿಲ್ಲ.

ಯಾರಿಗೆ ಎಷ್ಟು ಅಧಿಕಾರ?

ತೊಂದರೆಯಿಂದ ಬೇಸತ್ತು 'ಎವ್ರಿಒನ್' ಎಂಬ ಹೆಸರಿಗೆ 'ಫುಲ್ ಕಂಟ್ರೋಲ್' ಕೊಟ್ಟುಬಿಡುವವರಿದ್ದಾರೆ. ಇದು ಟ್ರಂಕಿನ ಬೀಗವನ್ನೇ ಕಿತ್ತೆಸೆದಂತೆ. ಮನೆಯಲ್ಲಿ ಪ್ರತಿಯೊಬ್ಬರಿಗೂ ಬೇರೆ ಬೇರೆ ಖಾತೆ ಇರಲಿ. ದಿನನಿತ್ಯದ ಬಳಕೆಗೆ 'ಸ್ಟ್ಯಾಂಡರ್ಡ್' ಖಾತೆ ಸಾಕು. ನಿರ್ವಾಹಕನ ಖಾತೆಯು ಜವಾಬ್ದಾರಿಯುಳ್ಳ ಒಬ್ಬಿಬ್ಬರಲ್ಲಿ ಇರಲಿ. ಎಲ್ಲರೂ ನೋಡಬೇಕಾದ ಭಾವಚಿತ್ರಗಳ ಫೋಲ್ಡರಿಗೆ ಮಕ್ಕಳ ಖಾತೆಯಿಂದ ಓದುವ ಅಧಿಕಾರವನ್ನಷ್ಟೇ ಕೊಟ್ಟರೆ ಆಟದ ಭರದಲ್ಲಿ ಅವು ಅಳಿಸಿಹೋಗುವ ಭಯವಿಲ್ಲ.

ಇದಕ್ಕಿಂತ ಗಂಭೀರವಾದ ಮಾತೊಂದಿದೆ. ಮನೆಯ ಯಜಮಾನರು ಲಿಂಗೈಕ್ಯರಾದ ಬಳಿಕ ಅವರ ಗಣಕಯಂತ್ರವನ್ನು ತೆರೆಯಲಾರದೆ ಕುಟುಂಬದವರು ಪರಿತಪಿಸುವುದನ್ನು ನಾವು ಕಂಡಿದ್ದೇವೆ. ಆಸ್ತಿಯ ದಾಖಲೆಗಳು, ವಿಮೆಯ ವಿವರಗಳು, ಹಿರಿಯರು ವರ್ಷಗಟ್ಟಲೆ ಬರೆದಿಟ್ಟ ಬರಹಗಳು ಒಳಗೇ ಇರುತ್ತವೆ. ಗುಪ್ತಪದ ಮಾತ್ರ ಅವರೊಂದಿಗೆ ಹೋಗಿರುತ್ತದೆ. ಗುಪ್ತಪದವನ್ನೂ ೪೮ ಅಂಕಿಗಳ ಕೀಲಿಯನ್ನೂ ಕಾಗದದ ಮೇಲೆ ಬರೆದು, ಲಕೋಟೆಯಲ್ಲಿಟ್ಟು, ಮನೆಯ ಪತ್ರಗಳ ಜೊತೆಗೆ ಇರಿಸುವುದು ಪ್ರತಿಯೊಬ್ಬ ಗೃಹಸ್ಥನ ಕರ್ತವ್ಯವೆಂದು ನಾವು ಭಾವಿಸುತ್ತೇವೆ. ಲಕೋಟೆಯ ಸ್ಥಳವನ್ನು ಮನೆಯಾಕೆಗೂ ಮಕ್ಕಳಲ್ಲಿ ಒಬ್ಬರಿಗಾದರೂ ತಿಳಿಸಿರಬೇಕು.

ಹಿರಿಯರ ಬರಹಗಳ ಪ್ರಸ್ತಾಪ ಬಂದುದರಿಂದ ಇನ್ನೊಂದು ಸೂಚನೆ. ಹಳೆಯ ಕನ್ನಡ ಕಡತವು ಹೊಸ ಯಂತ್ರದಲ್ಲಿ ತೆರೆದರೂ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಂತೆ ಕಂಡರೆ ಅದು ಕೆಟ್ಟಿದೆಯೆಂದು ಅಳಿಸಬಾರದು. ಹಿಂದಿನ ನುಡಿ, ಬರಹ ಮೊದಲಾದ ತಂತ್ರಾಂಶಗಳ ಹಳೆಯ ಅಕ್ಷರಶೈಲಿಗಳು ಯೂನಿಕೋಡಿಗೆ ಸೇರಿದವಲ್ಲ. ಆ ಅಕ್ಷರಶೈಲಿಯನ್ನು ಯಂತ್ರಕ್ಕೆ ಹಾಕಿದರೆ, ಇಲ್ಲವೇ ಬರಹವನ್ನು ಯೂನಿಕೋಡಿಗೆ ಪರಿವರ್ತಿಸಿದರೆ, ಅಪ್ಪನ ಬರವಣಿಗೆಯು ಮತ್ತೆ ಕನ್ನಡವಾಗುತ್ತದೆ.

ಪ್ರತಿಯೇ ಪರಮ ರಕ್ಷಣೆ

ಎಷ್ಟು ಎಚ್ಚರವಿದ್ದರೂ ನಮ್ಮ ಕೈಮೀರಿದ ಸಂದರ್ಭಗಳುಂಟು. ೨೦೧೮ರ ಅಕ್ಟೋಬರಿನಲ್ಲಿ ವಿಂಡೋಸ್ ೧೦ರ ಪರಿಷ್ಕರಣೆಯೊಂದು ಕೆಲವರ ಕಡತಗಳನ್ನು ನಿಜವಾಗಿಯೇ ಅಳಿಸಿತು. ಸಂಸ್ಥೆಯು ಅದನ್ನು ಕೆಲವೇ ದಿನಗಳಲ್ಲಿ ತಡೆಹಿಡಿದು, ತಿದ್ದಿ, ನವೆಂಬರಿನಲ್ಲಿ ಮರಳಿ ಬಿಡುಗಡೆ ಮಾಡಿತು. ಬೇರೆಡೆ ಪ್ರತಿಯಿಟ್ಟುಕೊಂಡವರಿಗೆ ಅದು ಒಂದು ದಿನದ ತೊಡಕು ಮಾತ್ರವಾಗಿತ್ತು.

ಓಲೆಗರಿಯ ಗ್ರಂಥಗಳು ಹುಳುವಿಗೂ ತೇವಕ್ಕೂ ಬೆಂಕಿಗೂ ಆಹುತಿಯಾಗುತ್ತಿದ್ದರೂ ಅನೇಕ ಕೃತಿಗಳು ನಮ್ಮವರೆಗೆ ಬಂದಿವೆ. ಒಂದು ಊರಿನ ಪ್ರತಿ ಹಾಳಾದರೂ ಇನ್ನೊಂದು ಊರಿನಲ್ಲಿ ಬೇರೊಂದು ಪ್ರತಿ ಉಳಿದದ್ದೇ ಅದಕ್ಕೆ ಕಾರಣ. ಗಣಕ ತಜ್ಞರು ಹೇಳುವ ನಿಯಮವೂ ಅದೇ: ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ಪ್ರತಿ ಮನೆಯ ಹೊರಗೆ. ಯಂತ್ರದಲ್ಲಿ ಒಂದು, ಹೊರಗಿನಿಂದ ಜೋಡಿಸುವ ಹಾರ್ಡ್ ಡಿಸ್ಕಿನಲ್ಲಿ ಒಂದು, ಪರ ಊರಿನಲ್ಲಿರುವ ಮಗಳ ಮನೆಯಲ್ಲೋ ಒನ್‌ಡ್ರೈವಿನಂತಹ ಸೇವೆಯಲ್ಲೋ ಇನ್ನೊಂದು. ಹೊರಗಿನ ಡಿಸ್ಕನ್ನು ಪ್ರತಿ ತೆಗೆದ ಬಳಿಕ ಕಳಚಿಡಬೇಕು. ಸದಾ ಜೋಡಿಸಿಯೇ ಇದ್ದರೆ ಯಂತ್ರಕ್ಕೆ ಬಂದ ವೈರಸ್ಸು ಅದಕ್ಕೂ ತಗಲುತ್ತದೆ.

ಹಳೆಯ ಯಂತ್ರವನ್ನು ಮಾರುವ ಅಥವಾ ಹೊಸ ವಿಂಡೋಸ್ ಹಾಕಿಸುವ ವಿಚಾರವಿದ್ದರೆ ಮೊದಲು ಈ ಪ್ರತಿಗಳಾಗಲಿ. ಪ್ರತಿ ಮಾಡಿದ ಮೇಲೆ ಅದರೊಳಗಿನ ನಾಲ್ಕೈದು ಕಡತಗಳನ್ನು ಬೇರೊಂದು ಯಂತ್ರದಲ್ಲಿ ತೆರೆದು ನೋಡಿ, ಅವು ಸರಿಯಾಗಿ ಕಂಡ ನಂತರವೇ ಹಳೆಯ ಡಿಸ್ಕಿನ ಮೇಲೆ ಕೈಯಿಡಬೇಕು.