ಐದು ತುಂಬಿದರೆ ಮಗು ಅಪ್ಪನದಂತೆ!

ಲಕ್ಕವಳ್ಳಿ ಕಡೆ ಗಂಡ ಹೆಂಡತಿ ಬೇರೆಯಾದರು ಅಂತ ಸುದ್ದಿ ಬರುವುದೇ ತಡ, ಟೀ ಅಂಗಡಿಯಿಂದ ತೀರ್ಪೂ ಹೊರಬೀಳುತ್ತದೆ: ‘ಐದು ವರ್ಷದ ತನಕ ಮಗು ತಾಯಿ ಹತ್ರ, ಆಮೇಲೆ ಅಪ್ಪಂದು. ಕಾನೂನೇ ಹಂಗಿದೆ.’ ಇದನ್ನು ನಂಬಿ ಮಗುವಿನ ಐದನೇ ಹುಟ್ಟುಹಬ್ಬ ಹತ್ತಿರವಾದಂತೆ ನಿದ್ದೆಗೆಡುವ ತಾಯಂದಿರಿದ್ದಾರೆ. ಆ ದಿನಕ್ಕೆಂದೇ ಕಾರು ಗೊತ್ತುಮಾಡಿಟ್ಟುಕೊಳ್ಳುವ ಅಪ್ಪಂದಿರೂ ಇದ್ದಾರೆ.

ಕಾನೂನು ಹಂಗಿಲ್ಲ. ಈ ಐದರ ಲೆಕ್ಕ ಬಂದದ್ದು 1956ರ ಹಿಂದೂ ಅಪ್ರಾಪ್ತವಯಸ್ಕತೆ ಮತ್ತು ಪೋಷಕತ್ವ ಕಾಯ್ದೆಯ 6ನೇ ಕಲಮಿನಿಂದ. ಐದು ತುಂಬದ ಮಗು ಸಾಮಾನ್ಯವಾಗಿ ತಾಯಿಯ ಸುಪರ್ದಿಯಲ್ಲಿರಬೇಕು ಎನ್ನುತ್ತದೆ ಅದು. ಐದು ತುಂಬಿದ ಮಾರನೇ ದಿನ ಅಪ್ಪನಿಗೆ ಒಪ್ಪಿಸಿ ಎಂದು ಅಲ್ಲಿ ಒಂದಕ್ಷರವೂ ಇಲ್ಲ. ಇಲ್ಲದ ಆ ಅರ್ಧವನ್ನು ಸೇರಿಸಿದವರು ನಾವೇ. ಅದೇ ಕಾಯ್ದೆಯ 13ನೇ ಕಲಮು ಮಗುವಿನ ಹಿತವೇ ಎಲ್ಲಕ್ಕಿಂತ ದೊಡ್ಡದು ಎನ್ನುತ್ತದೆ. ಅದನ್ನು ಮಾತ್ರ ಯಾರೂ ಬಾಯಿಗೆ ತರುವುದಿಲ್ಲ.

‘ಅಪ್ಪನೇ ಸಹಜ ಪೋಷಕ ಅಂತ ಬರೆದಿದೆಯಲ್ಲ?’ ಬರೆದಿದೆ. ಆದರೆ ಅಪ್ಪ ಬದುಕಿದ್ದೂ ಮಗುವಿನ ಹೊಣೆ ಹೊರದಿದ್ದರೆ ತಾಯಿಯೇ ಸಹಜ ಪೋಷಕಿ ಎಂದು 1999ರಲ್ಲಿ ಗೀತಾ ಹರಿಹರನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಅದೂ ಅಲ್ಲದೆ, ಪೋಷಕ ಯಾರು ಎನ್ನುವುದು ಒಂದು ಪ್ರಶ್ನೆ, ಮಗು ಯಾರ ಮನೆಯಲ್ಲಿ ಬೆಳೆಯಬೇಕು ಎನ್ನುವುದು ಬೇರೆಯದೇ ಪ್ರಶ್ನೆ. ಈ ಎರಡನೆಯದಕ್ಕೆ ಉತ್ತರ ಹುಡುಕುವಾಗ ನ್ಯಾಯಾಧೀಶರು ಕ್ಯಾಲೆಂಡರ್ ನೋಡುತ್ತಾ ಕೂರುವುದಿಲ್ಲ. ಲಸಿಕೆ ಹಾಕಿಸಿ ತಾಯಿ ಕಾರ್ಡನ್ನು ಜೋಪಾನ ಮಾಡಿದವರು ಯಾರು, ಶಾಲೆಯ ಪೋಷಕರ ಸಭೆಗೆ ಹೋದವರು ಯಾರು, ಜ್ವರ ಬಂದ ರಾತ್ರಿ ತರೀಕೆರೆಯ ಆಸ್ಪತ್ರೆಗೆ ಎತ್ತಿಕೊಂಡು ಓಡಿದವರು ಯಾರು ಎಂಬಂಥವೇ ಅಲ್ಲಿ ತೂಕದ ಮಾತು. ತಿಳಿವಳಿಕೆ ಬಂದ ಮಗುವಿನ ಇಷ್ಟವನ್ನೂ ಕೇಳಬಹುದು ಎಂದು 1890ರ ಪೋಷಕರು ಮತ್ತು ಪಾಲ್ಯರ ಕಾಯ್ದೆಯಲ್ಲೇ ಇದೆ. ಕೇಳಬಹುದು ಅಷ್ಟೇ, ಮಗು ಹೇಳಿದ್ದೇ ತೀರ್ಪಲ್ಲ.

ಹಾಗಂತ ‘ಹೆಣ್ಣುಮಗು ಅಂದಮೇಲೆ ತಾಯಿಗೇ’ ಎನ್ನುವವರೂ ಬೀಗಬೇಕಿಲ್ಲ. ಕೇರಳದ ಪ್ರಕರಣವೊಂದರಲ್ಲಿ ತಾಯಿ ಮಕ್ಕಳ ವೈದ್ಯೆ, ತಂದೆ ವಕೀಲ. ಹುಡುಗಿಯ ಮನಸ್ಸು ತಿಳಿದುಕೊಂಡು ಸುಪ್ರೀಂ ಕೋರ್ಟ್ 2006ರಲ್ಲಿ ಅವಳನ್ನು ತಂದೆಯ ಬಳಿಯೇ ಬಿಟ್ಟಿತು. ಇನ್ನು ಸುಪರ್ದಿಯ ಆದೇಶ ಕಲ್ಲಿನ ಮೇಲೆ ಕೆತ್ತಿದ ಶಾಸನವೂ ಅಲ್ಲ. ಪರಿಸ್ಥಿತಿ ಬದಲಾದರೆ ಅದನ್ನೂ ಬದಲಾಯಿಸಬಹುದು ಎಂದು 1973ರಷ್ಟು ಹಿಂದೆಯೇ ರೋಸಿ ಜೇಕಬ್ ಪ್ರಕರಣದಲ್ಲಿ ಹೇಳಿಯಾಗಿದೆ.

ಈಗ ದುಡ್ಡಿನ ವಿಷಯ. ‘ನಂಗೇನು ಸಂಬಳ ಬರ್ತದಾ, ತೋಟ ಅಷ್ಟೆ’ ಎಂದು ಜೀವನಾಂಶದಿಂದ ಜಾರಿಕೊಳ್ಳಬಹುದು ಅಂದುಕೊಂಡವರು 2020ರ ರಜನೇಶ್–ನೇಹಾ ತೀರ್ಪನ್ನು ಓದಬೇಕು. ಕೃಷಿಕರಿಗೆಂದೇ ಅದರಲ್ಲಿ ಬೇರೆ ಪ್ರಮಾಣಪತ್ರದ ನಮೂನೆ ಇದೆ: ಜಮೀನೆಷ್ಟು, ತರಿಯೋ ಖುಷ್ಕಿಯೋ, ಬೆಳೆ ಯಾವುದು, ಮೂರು ವರ್ಷದ ಆದಾಯವೆಷ್ಟು, ಹಸು, ಎಮ್ಮೆ, ಕೋಳಿ, ಕೊನೆಗೆ ಜೇನು ಸಾಕಿದ್ದರೆ ಅದೂ. ಪಹಣಿ ತಾತನ ಹೆಸರಲ್ಲಿದೆ ಎಂದರೆ ಅದರಲ್ಲಿ ನಿನ್ನ ಪಾಲೆಷ್ಟು ಎಂದು ಕೇಳುತ್ತದೆ. ಜೀವನಾಂಶ ಲೆಕ್ಕಕ್ಕೆ ಬರುವುದೂ ಅರ್ಜಿ ಹಾಕಿದ ದಿನದಿಂದಲೇ.

ಉಳಿದವನ್ನು ಒಂದೊಂದೇ ಸಾಲಿನಲ್ಲಿ ಮುಗಿಸುತ್ತೇನೆ. ತಾಯಿ ದುಡಿಯುತ್ತಾಳೆ ಅಂತ ಅಪ್ಪನ ಹೊಣೆ ತೀರುವುದಿಲ್ಲ. ಪಂಚಾಯ್ತಿ ಸೇರಿಸಿ ‘ಮಗುವಿಗೆ ಏನೂ ಕೇಳುವುದಿಲ್ಲ’ ಎಂದು ಬಾಂಡ್ ಪೇಪರಿನಲ್ಲಿ ತಾಯಿಯಿಂದ ಬರೆಸಿಕೊಂಡರೆ ಮಗುವಿನ ಹಕ್ಕು ಹೋಗುವುದಿಲ್ಲ, ಏಕೆಂದರೆ ಅದು ಅವಳು ಬಿಟ್ಟುಕೊಡಬಹುದಾದ ಹಕ್ಕಲ್ಲ. ಅಪ್ಪ ದುಡ್ಡು ಕೊಟ್ಟಿಲ್ಲವೆಂದು ಮಗುವನ್ನು ತೋರಿಸದೇ ಇರುವಂತಿಲ್ಲ, ತೋರಿಸಿಲ್ಲವೆಂದು ದುಡ್ಡು ನಿಲ್ಲಿಸುವಂತೆಯೂ ಇಲ್ಲ. ಬಾಕಿ ಕಟ್ಟದೆ ಜೈಲಿಗೆ ಹೋಗಿ ಬಂದರೆ ಬಾಕಿ ಚುಕ್ತಾ ಆಗುವುದಿಲ್ಲ, ಹಾಗೇ ನಿಂತಿರುತ್ತದೆ.

ನನಗೆ ಅರ್ಥವಾಗದ್ದು ಒಂದೇ. ಒಂದು ಮೂಟೆ ಅಡಿಕೆ ಮಾರುವ ಮುಂಚೆ ಶಿವಮೊಗ್ಗದಲ್ಲೆಷ್ಟು, ಚನ್ನಗಿರಿಯಲ್ಲೆಷ್ಟು ಎಂದು ನಾಲ್ಕು ಕಡೆ ಫೋನ್ ಮಾಡುವ ಜನ ನಾವು. ಹೆತ್ತ ಮಗುವಿನ ವಿಷಯಕ್ಕೆ ಬಂದಾಗ ಮಾತ್ರ ಯಾರೋ ವಾಟ್ಸಾಪಿನಲ್ಲಿ ಕಳಿಸಿದ್ದು, ಯಾರದೋ ಭಾವಮೈದುನ ಹೇಳಿದ್ದು ಸಾಕಾಗುತ್ತದೆ. ಗಟ್ಟಿ ದನಿಯಲ್ಲಿ ‘ಕಾನೂನೇ ಹಂಗಿದೆ’ ಎಂದರೆ ಮುಗಿಯಿತು, ಯಾವ ಕಾನೂನು ಎಂದು ಕೇಳುವವರೇ ಇಲ್ಲ. ಕೇಳುವುದಕ್ಕೆ ಖರ್ಚೂ ಇಲ್ಲ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಂತೆ ಹೆಂಗಸರಿಗೆ, ಮಕ್ಕಳಿಗೆ ಆದಾಯ ಎಷ್ಟೇ ಇರಲಿ ವಕೀಲರ ನೆರವು ಉಚಿತ. ಸಹಾಯವಾಣಿ 15100. ಟೀ ಅಂಗಡಿಯ ನ್ಯಾಯಾಧೀಶರೂ ಮುಂದಿನ ತೀರ್ಪು ಕೊಡುವ ಮುನ್ನ ಈ ನಂಬರಿಗೆ ಒಂದು ಫೋನ್ ಮಾಡಿದರೆ ಊರಿಗೆ ಉಪಕಾರ.