ಕೈ ಚಾಚುವ ಮುನ್ನ ಕಾಲೂರುವ ಲಾರಿ

ಏಪ್ರಿಲ್ ಕೊನೆಯ ಗಾಳಿಮಳೆ ಶುರುವಾಯಿತೆಂದರೆ ಅನ್ನಪೂರ್ಣೇಶ್ವರಿ ನಗರದ ಅಡ್ಡರಸ್ತೆಗಳಲ್ಲಿ ಕ್ರೇನ್ ಲಾರಿಗೆ ಬಿಡುವಿಲ್ಲ. ಮುರಿದ ಕೊಂಬೆ, ವಾಲಿದ ಕಂಬ, ಕೆಟ್ಟ ಬೀದಿದೀಪ. ಮಳೆಯಿಲ್ಲದ ದಿನ ಮೂರನೇ ಮಹಡಿಗೆ ಏರಬೇಕಾದ ಗ್ರಾನೈಟ್. ಮೂವತ್ತು-ನಲವತ್ತರ ಸೈಟುಗಳ ಈ ಬೀದಿಗಳಲ್ಲಿ ಒಂದು ಬದಿ ಕಾರು, ಇನ್ನೊಂದು ಬದಿ ಮರ, ತಲೆಯ ಮೇಲೆ ಕೇಬಲ್ಲುಗಳ ಸಿಕ್ಕು. ನೀಳ ತೋಳಿನ ದೊಡ್ಡ ಕ್ರೇನು ಇಲ್ಲಿ ತಿರುಗುವುದೇ ಕಷ್ಟ. ಮಡಚುವ ಕ್ರೇನಾದರೆ ಕ್ಯಾಬಿನ್ನಿನ ಬೆನ್ನಿಗೆ ಮುದುಡಿ ಕೂತು ಬರುತ್ತದೆ. ಬಂದಮೇಲೆ ನಮ್ಮ ಭುಜ-ಮೊಣಕೈಯಂತೆ ಬಿಚ್ಚಿಕೊಂಡು, ಕಾಂಪೌಂಡ್ ದಾಟಿ, ಬಾಲ್ಕನಿಯೊಳಕ್ಕೆ ಮೂತಿ ಹಾಕುತ್ತದೆ.

ಇದಕ್ಕೆ ಬೇರೆ ಇಂಜಿನ್ ಬೇಡ. ಲಾರಿಯ ಇಂಜಿನ್ನೇ ಪಂಪು ತಿರುಗಿಸುತ್ತದೆ, ಪಂಪು ಎಣ್ಣೆಯನ್ನು ಸಿಲಿಂಡರಿಗೆ ಒತ್ತುತ್ತದೆ. ಸ್ವೀಡನ್ನಿನಲ್ಲಿ ಹಿಮಜಾರು ಹಲಗೆ ತಯಾರಿಸುತ್ತಿದ್ದ ಎರಿಕ್ ಸುಂಡಿನ್ 1944ರಲ್ಲಿ ಹಿಯಾಬ್ ಕಂಪನಿ ಕಟ್ಟಿದ್ದು ಈ ಯೋಚನೆಯ ಮೇಲೆಯೇ. ಚದರ ಸೆಂಟಿಮೀಟರಿಗೆ 250 ಕಿಲೋ ಒತ್ತಡ, 10 ಸೆಂ.ಮೀ. ಅಡ್ಡಳತೆಯ ಪಿಸ್ಟನ್ ಇದ್ದರೆ ಸಿಗುವ ನೂಕುಬಲ ಸುಮಾರು 20 ಟನ್. ಅಷ್ಟಿದ್ದೂ ಎಂಟು ಮೀಟರ್ ಆಚೆ ಒಂದು ಟನ್ ಎತ್ತಲು ಏದುಸಿರು! ಸಿಲಿಂಡರ್ ಒತ್ತುವುದು ಕೀಲಿನಿಂದ ಒಂದಡಿ ಚಿಲ್ಲರೆ ದೂರದಲ್ಲಿ, ಭಾರ ತೂಗುವುದು ಎಲ್ಲೋ ದೂರದ ತುದಿಯಲ್ಲಿ. ಹಾಗಾಗಿ ಈ ಕ್ರೇನುಗಳ ತಾಕತ್ತನ್ನು ಬರೀ ಟನ್ನಿನಲ್ಲಲ್ಲ, ಟನ್-ಮೀಟರಿನಲ್ಲಿ ಹೇಳುತ್ತಾರೆ.

ದಾರಿಹೋಕರು ತೋಳು ನೋಡುತ್ತ ನಿಲ್ಲುತ್ತಾರೆ. ಪಳಗಿದ ಆಪರೇಟರ್ ಮೊದಲು ನೋಡುವುದು ನೆಲ. ಎಂಟು ಟನ್ನಿನ ಲಾರಿ ಪಕ್ಕಕ್ಕೆ ಮಗುಚಬೇಕಾದರೆ ಚಕ್ರದ ಅಂಚಿನ ಮೇಲೆ ಮಗುಚಬೇಕು. ನಡುವಿನಿಂದ ಆ ಅಂಚು ಸುಮಾರು 1.1 ಮೀಟರ್. ಅಂದರೆ ಲಾರಿಯ ಪಾಲಿಗೆ 8.8 ಟನ್-ಮೀಟರ್. ನಡುವಿನಿಂದ ಒಂಬತ್ತು ಮೀಟರ್ ದೂರದ ಒಂದು ಟನ್ ಅದೇ ಅಂಚಿನ ಆಚೆ 7.9 ಟನ್-ಮೀಟರ್ ಎಳೆಯುತ್ತದೆ. ತೋಳಿನ ಸ್ವಂತ ತೂಕ ಸೇರಿದರೆ ಕಥೆ ಮುಗಿಯಿತು. ಈಗ ಲಾರಿಯ ಊರುಗಾಲುಗಳಾದ ಜಾಕುಗಳನ್ನು ನಡುವಿನಿಂದ 2.2 ಮೀಟರ್ ದೂರಕ್ಕೆ ಹೊರಚಾಚಿ: ಲಾರಿಯ ಪಾಲು 17.6ಕ್ಕೆ ಏರಿತು, ಭಾರದ ಪಾಲು 6.8ಕ್ಕೆ ಇಳಿಯಿತು. ಕಾಲು ಅಗಲಿಸಿದ್ದಕ್ಕೆ ಎರಡೂ ಕಡೆಯಿಂದ ಲಾಭ. ಜಾಗವಿಲ್ಲವೆಂದು ಒಂದು ಬದಿಯ ಜಾಕನ್ನು ಅರ್ಧಕ್ಕೇ ನಿಲ್ಲಿಸಿದರೆ ಆ ಬದಿಗೆ ತೋಳು ಪೂರ್ತಿ ಚಾಚುವಂತಿಲ್ಲ. ಮನೆಮುಂದಿನ ಕಾರು ತೆಗೆಯಿರಿ ಎಂದು ಆಪರೇಟರ್ ಕೂಗುವುದು ಸುಮ್ಮನೆ ಅಲ್ಲ.

ನಮ್ಮ ಬೀದಿಗಳಲ್ಲಿ ಇನ್ನೊಂದು ಫಜೀತಿ. ಅಂಚಿಗೆ ಜಾಕ್ ಊರಿದರೆ ಕೆಳಗಿರುವುದು ಚರಂಡಿಯ ಚಪ್ಪಡಿಯೋ, ಪೈಪಿಗಾಗಿ ಅಗೆದು ಮೊನ್ನೆ ಮುಚ್ಚಿದ ಸಡಿಲ ಮಣ್ಣೋ! ಐದು ಟನ್ ಬಿದ್ದ ಜಾಕಿನ ಪಾದ 25 ಸೆಂ.ಮೀ. ಚೌಕವಿದ್ದರೆ ಚದರ ಸೆಂಟಿಮೀಟರಿಗೆ 8 ಕಿಲೋ. ಅಡಿಗೆ 60 ಸೆಂ.ಮೀ. ಚೌಕದ ದಪ್ಪ ಮರದ ಹಲಗೆ ಕೊಟ್ಟರೆ ಅದು ಒಂದೂವರೆ ಕಿಲೋಗಿಂತ ಕೆಳಗಿಳಿಯುತ್ತದೆ. ಇಷ್ಟೆಲ್ಲ ಉಕ್ಕಿನ ನಡುವೆ ನನಗೆ ಅಚ್ಚುಮೆಚ್ಚಿನ ಬಿಡಿಭಾಗ ಆ ಗ್ರೀಸು ಮೆತ್ತಿದ ಹಲಗೆಯೇ. ಚರಂಡಿ ಚಪ್ಪಡಿಗೆ ಮಾತ್ರ ಅದೂ ಮದ್ದಲ್ಲ. ಲಾರಿಯನ್ನೇ ಒಳಕ್ಕೆ ಸರಿಸಬೇಕು.

ಎಣ್ಣೆ ಪೈಪು ಒಡೆದರೆ? ಸಿಲಿಂಡರಿನ ಬಾಯಲ್ಲೇ ಕೂತ ಕವಾಟ ಎಣ್ಣೆಯನ್ನು ಒಳಗೇ ಬಂಧಿಸುತ್ತದೆ, ತೋಳು ಇದ್ದಲ್ಲೇ ನಿಲ್ಲುತ್ತದೆ. ವಿದ್ಯುತ್ತಿಗೆ ಅಂಥ ಕವಾಟವಿಲ್ಲ. 11 ಕೆ.ವಿ. ತಂತಿಯನ್ನು ಉಕ್ಕಿನ ತೋಳು ಮುಟ್ಟಬೇಕೆಂದೂ ಇಲ್ಲ, ತೀರಾ ಹತ್ತಿರ ಹೋದರೆ ಸಾಕು. ಲೈನ್ ಬಂದ್ ಮಾಡಿಸದೆ ಕೊಂಬೆಗೆ ಕೈ ಹಾಕಬಾರದು.

ಕಲ್ಯಾಣ ಮಂಟಪದ ಚಾವಣಿಯ ದೀಪ ಬದಲಿಸಲು ತಳ್ಳಿಕೊಂಡು ಬರುವ ಪುಟ್ಟ ಲಿಫ್ಟಿನದೂ ಕಾಲೂರುವ ಇದೇ ಲೆಕ್ಕ. ಅಲ್ಲಿ ಆಪರೇಟರಿನ ವಿವೇಕವನ್ನು ಸ್ವಿಚ್ಚಿಗೆ ವಹಿಸಿದ್ದಾರೆ. ಒಳ್ಳೆಯ ಮಾದರಿಗಳಲ್ಲಿ ನಾಲ್ಕೂ ಕಾಲು ಬಿಗಿಯಾಗಿ ಊರುವ ತನಕ ಗುಂಡಿ ಎಷ್ಟು ಒತ್ತಿದರೂ ಆಳು ನಿಲ್ಲುವ ತೊಟ್ಟಿಲು ಮೇಲೇಳುವುದಿಲ್ಲ.